ಬೇಲಿಯಾಚೆಯ ಪ್ರಾಣಿಪ್ರಿಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಾರ್ ಮತ್ತು ಮೇಡಂ ಅವರಿಗೆ,

ಹೊಸದುರ್ಗ ತಾಲ್ಲೂಕಿನಿಂದ ನಿಮ್ಮ ಬೇಲಿಯಾಚೆಯ ರೈತ ಹೆಂಗಸು ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ ಎಂದು ಕಾಗದ ಶುರುಮಾಡುವುದು ನಮ್ಮ ಕಡೆಯ ವಾಡಿಕೆ. ನಿಮ್ಮ ಕ್ಷೇಮಸಮಾಚಾರ ಪ್ರತಿ ಶನಿವಾರ ರಾತ್ರಿ ಸ್ಪೀಕರಿನ ಮೂಲಕ ಊರಿಗೆಲ್ಲ ಮುಟ್ಟುತ್ತಿರುವುದರಿಂದ ಆ ತೊಂದರೆ ನಿಮಗೆ ಬೇಡ.

ಈ ಪತ್ರವನ್ನು ನಿಮ್ಮ ಗೇಟಿಗೇ ತಂದು ಕೊಡಬಹುದಿತ್ತು. ಕೊಟ್ಟೂ ನೋಡಿದೆ. ನಿಮ್ಮ ಕಾವಲಿನ ಹುಡುಗ ನೇಪಾಳದವನು. ಬಹಳ ಒಳ್ಳೆಯವನು, ಕನ್ನಡ ಓದಲು ಬಾರದು. ಎರಡೂ ಕೈಯಲ್ಲಿ ಕಾಗದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ದೇವರ ಪಟದ ಹಿಂದೆ ಸಿಕ್ಕಿಸಿದ. ಅಲ್ಲಿಂದ ಅದು ನಿಮಗೆ ತಲುಪುವುದು ಕಷ್ಟ ಅನ್ನಿಸಿದ್ದರಿಂದ ಪತ್ರಿಕೆಯ ಮೊರೆ ಹೋಗಿದ್ದೇನೆ. ತಪ್ಪು ತಿಳಿಯಬೇಡಿ.

ಮೊದಲಿಗೆ ಸ್ವಾಗತ. ನೀವು ಬಂದು ಇಷ್ಟು ಕಾಲವಾದರೂ ಊರಿನ ಪರವಾಗಿ ಯಾರೂ ಸ್ವಾಗತ ಮಾಡಿಲ್ಲ. 2020ರಲ್ಲಿ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ಕಿತ್ತುಹಾಕಿತು. ಅಲ್ಲಿಯವರೆಗೆ ಬೇಸಾಯಗಾರರಲ್ಲದವರು ಹೊಲ ಕೊಳ್ಳಲು ನೂರೆಂಟು ತೊಡಕಿದ್ದವು. ಈಗ ದುಡ್ಡೊಂದಿದ್ದರೆ ಸಾಕು. ಬೆಂಗಳೂರಿನಿಂದ ಹಿರಿಯೂರಿಗೆ ಹೆದ್ದಾರಿಯಲ್ಲಿ ಸುಮಾರು 160 ಕಿಲೋಮೀಟರ್. ಬೆಳಗಿನ ತಿಂಡಿ ಮುಗಿಸಿ ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ರೈತರಾಗಿರುತ್ತಾರೆ. ಅದರ ಮೇಲೆ ನಮ್ಮ ವಾಣಿವಿಲಾಸ ಸಾಗರವೂ ನಿಮಗೆ ಅನುಕೂಲವಾಗಿ ನಡೆದುಕೊಂಡಿತು. 1933ರಲ್ಲಿ ಕೋಡಿ ಬಿದ್ದಿದ್ದ ಕೆರೆ, ಆಮೇಲೆ ನಮ್ಮ ಹಿರಿಯರು ಕಾದೂ ಕಾದೂ ಸತ್ತರೂ ಬೀಳದೆ, 2022ರಲ್ಲಿ ಬಿತ್ತು. 2025ರ ಜನವರಿಯಲ್ಲಿ ಇನ್ನೊಂದು ಸಲ ಬಿತ್ತು. ಹಿರಿಯೂರಿನವರು ಬಾಗಿನ ಬಿಟ್ಟು ಸಂತೋಷಪಟ್ಟರು. ಹಿನ್ನೀರಿನ ಈ ದಡದಲ್ಲಿ ನಮ್ಮ ಹೊಸದುರ್ಗದ ಕಡೆಯವರ ತೋಟಗಳಿಗೆ ನೀರು ನುಗ್ಗಿತು. ಮುಳುಗದೆ ಉಳಿದ ದಿಬ್ಬಗಳಿಗೆ ದಲ್ಲಾಳಿಗಳು ‘ಲೇಕ್ ವ್ಯೂ’ ಎಂದು ಹೆಸರಿಟ್ಟರು. ನೀವು ಕೊಂಡಿರುವುದು ಅಂಥದೊಂದು ದಿಬ್ಬ. ಹಿಂದೆ ಅಲ್ಲಿ ಸಾವೆ, ಹುರುಳಿ ಬೆಳೆಯುತ್ತಿದ್ದರು, ಉಳಿದ ದಿನಗಳಲ್ಲಿ ನಮ್ಮ ಕುರಿ ಮೇಯುತ್ತಿದ್ದವು.

ನಿಮ್ಮ ಪ್ರಾಣಿಪ್ರೀತಿಯ ವಿಷಯದಲ್ಲಿ ನಮ್ಮ ಊರಿನಲ್ಲಿ ಎರಡು ಮಾತಿಲ್ಲ. ಮೊದಲು ಲಾರಿಯಲ್ಲಿ ಗುಜರಾತಿನ ಗಿರ್ ಹಸುಗಳು ಇಳಿದವು. ಆಮೇಲೆ ಆಂಧ್ರದಿಂದ ಗಿಡ್ಡನೆಯ ಪುಂಗನೂರು ಹಸು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಂತು. ಮಧ್ಯಪ್ರದೇಶದ ಕಡಕ್‌ನಾಥ್ ಕೋಳಿಗಳಿಗೆ ಹೆಂಚಿನ ಮನೆ ಕಟ್ಟಿಸಿದಿರಿ. ಊರಲ್ಲಿ ಇನ್ನೂ ತಗಡಿನಡಿ ಮಲಗುವವರಿದ್ದಾರೆ ಎಂಬ ಮಾತು ಬಿಡಿ, ಕೋಳಿ ಮಾಡಿದ ಪುಣ್ಯ ಕೋಳಿಗೆ. ಕೊನೆಗೆ ಬಂದದ್ದು ಹಸ್ಕಿ ನಾಯಿ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯುವ ಜಾತಿಯಂತೆ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಅದು ದನದ ನೀರಿನ ತೊಟ್ಟಿಯೊಳಗೆ ಕತ್ತಿನವರೆಗೆ ಇಳಿದು ಕೂತಿತ್ತು. ನಮ್ಮ ಅತ್ತೆ ಬೇಲಿಯ ಸಂದಿಯಿಂದ ಬಹಳ ಹೊತ್ತು ನೋಡಿ, “ಪಾಪ, ಈ ಬಿಸಿಲಾಗೆ ಅದಕ್ಕೆ ಕಂಬಳಿ ಯಾರವ್ವ ಹೊಲ್ದಿರಾದು? ಬಿಚ್ಚಾಕಿ ಅಂತ ಹೇಳು” ಅಂದರು. ಹೇಳಿದ್ದೇನೆ. ಮುಂದಿನದು ನಿಮಗೆ ಬಿಟ್ಟದ್ದು.

ಇಷ್ಟು ದೂರದಿಂದ ತರಿಸುವ ಶ್ರಮ ಯಾಕೆ ತೆಗೆದುಕೊಂಡಿರೋ ತಿಳಿಯದು. ನಮ್ಮ ಪಕ್ಕದ ತಾಲ್ಲೂಕೇ ಅಜ್ಜಂಪುರ. ಮೈಸೂರು ಅರಸರ ಬೆಣ್ಣೆ ಚಾವಡಿಯಲ್ಲಿ ಬೆಳೆದು, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎನ್ನಿಸಿಕೊಂಡು, ದಂಡಿನ ಹಿಂದೆ ಫಿರಂಗಿ ಎಳೆದ ತಳಿ ಅಲ್ಲಿನ ಸರ್ಕಾರಿ ಕೇಂದ್ರದಲ್ಲಿ ಇಂದಿಗೂ ಇದೆ. ಹೋರಿಗರುಗಳು ಹರಾಜಾಗುವ ದಿನ ದಾವಣಗೆರೆ, ಹಾವೇರಿ ಕಡೆಯಿಂದೆಲ್ಲ ಜನ ಬರುತ್ತಾರೆ. ಆದರೆ ಆ ಹಸು ಕೊಡುವ ಹಾಲು ಅದರ ಕರುವಿಗೆ ಸರಿಹೋಗುತ್ತದೆ. ಗುರುತಿಲ್ಲದವರು ಹತ್ತಿರ ಹೋದರೆ ಮೊದಲು ಕೊಂಬು ಮಾತಾಡುತ್ತದೆ. ಕತ್ತು ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳಲು ಒದಗುವ ಪ್ರಾಣಿಯಲ್ಲ. ಬಿಟ್ಟದ್ದೇ ಒಳ್ಳೆಯದಾಯಿತು. ಅದಕ್ಕೆ ಮೇಯಲು ಅರಸರು ಬಿಟ್ಟಿದ್ದ ಕಾವಲುಗಳ ಕಥೆಯೂ ಅಷ್ಟೆ. ಚಳ್ಳಕೆರೆ ಕಡೆ ಸಾವಿರಾರು ಎಕರೆ ಕಾವಲು ಈಗ ರಕ್ಷಣಾ ಸಂಶೋಧನೆಗೆ, ಅಣುಶಕ್ತಿಗೆ, ವಿಜ್ಞಾನ ಸಂಸ್ಥೆಗೆ ಸೇರಿ ಉದ್ದಾನುದ್ದ ಗೋಡೆ ಎದ್ದಿದೆ. ಕುರಿಗಾಹಿಗಳು ಗೋಡೆಯ ಪಕ್ಕದಲ್ಲೇ ಕುರಿ ಹೊಡೆದುಕೊಂಡು ಸುತ್ತು ಹಾಕುತ್ತಾರೆ. ಬೇಲಿ ಹಾಕುವುದರಲ್ಲಿ ನೀವೇ ಮೊದಲಿಗರೇನಲ್ಲ, ಸಂಕೋಚ ಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಮೇಡಂ, ಹೋದ ಬೇಸಿಗೆಯಲ್ಲಿ ನೀವು ಬೇಲಿಯ ಹತ್ತಿರ ನಿಂತು, “ನಿಮ್ಮದು ಪುಣ್ಯದ ಬದುಕು ಕಣ್ರೀ. ಮನೆಮಂದಿಯೆಲ್ಲ ಪ್ರಾಣಿಗಳ ಜೊತೆ ಎಷ್ಟು ನೆಮ್ಮದಿಯಾಗಿದ್ದೀರಿ. ಹೇಗೆ ಅಂತ ನಮಗೂ ಹೇಳಿಕೊಡಿ” ಅಂದಿರಿ. ಆಗ ನನ್ನ ತಲೆಯ ಮೇಲೆ ಮೆಕ್ಕೆಜೋಳದ ದಂಟಿನ ಹೊರೆ ಇತ್ತು. ಕತ್ತು ಆಡಿಸಲು ಆಗಲಿಲ್ಲ. ಕೇಳಿದವರಿಗೆ ಇಲ್ಲ ಅನ್ನಬಾರದು, ಈಗ ಹೇಳಿಕೊಡುತ್ತೇನೆ.

ಮೊದಲನೆಯ ಪಾಠ, ಹಾಲು ಕರೆಯುವುದು. ನಿಮಗೆ ಯಂತ್ರವಿದೆ, ಸಂತೋಷ. ನಮ್ಮ ಎಮ್ಮೆ ಕಾಳಿಗೆ ನಮ್ಮ ಅತ್ತೆಯೇ ಆಗಬೇಕು. ಅತ್ತೆ ಕಣ್ಣಿನ ಪೊರೆ ತೆಗೆಸಲು ಚಿತ್ರದುರ್ಗದ ಆಸ್ಪತ್ರೆ ಸೇರಿದಾಗ ತಂಬಿಗೆ ಹಿಡಿದು ನಾನು ಕೂತೆ. ಬಿಸಿನೀರಲ್ಲಿ ಕೆಚ್ಚಲು ತೊಳೆದು, ಬೆರಳಿಗೆ ಹರಳೆಣ್ಣೆ ಸವರಿಕೊಂಡು, ಕರುವನ್ನು ಒಂದು ಗಳಿಗೆ ಕುಡಿಸಿ ಎಳೆದು ಕಟ್ಟಿ, ಎಲ್ಲ ಶಾಸ್ತ್ರವನ್ನೂ ಮಾಡಿದ್ದಾಯಿತು. ಕಾಳಿ ಹಾಲು ಇಳಿಸಲಿಲ್ಲ. ಹಿಂಡಿ ಇಟ್ಟರೆ ಹಿಂಡಿ ತಿಂದಿತು, ಹಾಲು ಇಳಿಸಲಿಲ್ಲ. ಸಂಜೆ ಹೊತ್ತಿಗೆ ಕೆಚ್ಚಲು ಬಿಗಿದು ಕಲ್ಲಾಗಿತ್ತು. ಕೊನೆಗೆ ಅತ್ತೆಯ ಒಗೆಯದ ಸೀರೆಯನ್ನು ಗಳುವಿನಿಂದ ಎಳೆದು ಉಟ್ಟುಕೊಂಡು, ಸೆರಗನ್ನು ಅವರ ಹಾಗೆ ಹಣೆ ಮುಚ್ಚುವವರೆಗೆ ಹೊದ್ದು, ಬಾಯಿಗೆ ಎಲೆಅಡಿಕೆ ತುಂಬಿಕೊಂಡು, ಅವರ ಹಾಗೆಯೇ ನಮ್ಮ ಮಾವನವರನ್ನು ಬೈಯುತ್ತ ಕೂತೆ. ಮಾವನವರು ತೀರಿಕೊಂಡು ಎಷ್ಟೋ ಕಾಲವಾಯಿತು, ಅತ್ತೆ ಮಾತ್ರ ಹಾಲು ಕರೆಯುವ ಹೊತ್ತಿಗೆ ಅವರನ್ನು ಬೈಯುವುದು ಬಿಟ್ಟಿಲ್ಲ. ಕಾಳಿ ಕತ್ತು ತಿರುಗಿಸಿ ಸೆರಗು ಮೂಸಿತು. ಇನ್ನೊಂದು ಸಲ ಮೂಸಿತು. ಕಿವಿ ಸಡಿಲಾಯಿತು, ಉಸಿರು ಬಿಟ್ಟಿತು, ತಂಬಿಗೆಯಲ್ಲಿ ಸದ್ದು ಶುರುವಾಯಿತು. ಅತ್ತೆ ಬರುವವರೆಗೆ ದಿನಕ್ಕೆರಡು ಸಲ ನಾನು ನಮ್ಮ ಅತ್ತೆಯಾದೆ. ನಿಮ್ಮ ಯಂತ್ರಕ್ಕೆ ಸೀರೆ ಉಡಿಸುವ ಪ್ರಸಂಗ ಬಾರದಿರಲಿ.

ಎರಡನೆಯದು ಕಾಗದಪತ್ರ. ಸರ್ಕಾರಕ್ಕೂ ಪ್ರಾಣಿಗಳ ಮೇಲೆ ಪ್ರೀತಿ ಕಡಿಮೆಯೇನಿಲ್ಲ. ನಮ್ಮ ಸೀಮೆಹಸು ಗೌರಿಯ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆಯಿದೆ. ನಮ್ಮ ಆಧಾರಿಗೂ 12 ಅಂಕಿ, ಅವಳ ಬಿಲ್ಲೆಗೂ 12 ಅಂಕಿ. ರೇಷನ್ ಅಂಗಡಿಯಲ್ಲಿ ಅತ್ತೆಯ ಬೆರಳು ಯಂತ್ರಕ್ಕೆ ಹತ್ತುವುದಿಲ್ಲ, ಗೌರಿಯ ಕಿವಿ ಎಲ್ಲ ಕಡೆ ಹತ್ತುತ್ತದೆ. ಆ ಬಿಲ್ಲೆ ಬೇಲಿಗೆ ಸಿಕ್ಕಿ ಬಿದ್ದುಹೋಗದಂತೆ ನೋಡಿಕೊಳ್ಳಿ. ವಿಮೆಯವರ ಲೆಕ್ಕದಲ್ಲಿ ಸತ್ತದ್ದು ಹಸುವಲ್ಲ, ಬಿಲ್ಲೆ. ಬಿಲ್ಲೆ ಇಲ್ಲದಿದ್ದರೆ ಹಣವಿಲ್ಲ. ಹಾಲನ್ನು ಡೇರಿಗೆ ಹಾಕುವುದಾದರೆ ಫ್ಯಾಟು, ಎಸ್‌ಎನ್‌ಎಫ್ ಎಂಬ ಎರಡು ಮಾತು ಕಲಿಯಿರಿ. ನಮ್ಮ ಜಿಲ್ಲೆಯ ಹಾಲು ಶಿವಮೊಗ್ಗದ ಒಕ್ಕೂಟಕ್ಕೆ ಹೋಗುತ್ತದೆ. ಲೀಟರಿಗೆ ಸರ್ಕಾರ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಉಂಟು, ಅದು ಯಾವಾಗ ಬರುತ್ತದೆ ಎಂಬುದು ಮಳೆ ಯಾವಾಗ ಬರುತ್ತದೆ ಎಂದು ಕೇಳಿದ ಹಾಗೆ. ಇನ್ನು ಆಕಸ್ಮಿಕವಾಗಿ ಕುರಿ ಸತ್ತರೆ ಪರಿಹಾರ ಕೊಡುವ ಯೋಜನೆಯ ಹೆಸರು ‘ಅನುಗ್ರಹ’. ಸತ್ತ ಕುರಿಯನ್ನು ಪಶುವೈದ್ಯರು ಕೊಯ್ದು ನೋಡಿ ಬರೆದುಕೊಟ್ಟ ಮೇಲೆ ಅನುಗ್ರಹವಾಗುತ್ತದೆ. ಡಾಕ್ಟರು ಒಬ್ಬರು, ಹಳ್ಳಿಗಳು ಹತ್ತಾರು. ಆದ್ದರಿಂದ ಕುರಿಗಳು ಸಾಧ್ಯವಾದಷ್ಟು ಕಚೇರಿ ವೇಳೆಯಲ್ಲಿ ಸಾಯುವುದು ಕ್ಷೇಮ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ಮಾತ್ರ ಯಾವ ಕಾಗದವೂ ಕೆಲಸಕ್ಕೆ ಬರಲಿಲ್ಲ. ಗೌರಿಯ ಮೈತುಂಬ ಗಂಟು, ಮುಂಗಾಲು ಊದಿತ್ತು. ಡಾಕ್ಟರು ಬಂದು ಸೂಜಿ ಹಾಕಿ ಹೋದರು. ಉಳಿದದ್ದು ಮನೆಯವರ ಪಾಲು. ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ಮೈ ತೊಳೆಯುವುದು, ಅರಿಶಿನ ಎಣ್ಣೆ ಹಚ್ಚುವುದು, ನೊಣ ಕೂರದಂತೆ ಹೊಗೆ ಹಾಕುವುದು, ರಾಗಿ ಗಂಜಿಯನ್ನು ಗೊಟ್ಟದಲ್ಲಿ ಕುಡಿಸುವುದು. ನಮ್ಮ ಯಜಮಾನರು ರಾತ್ರಿಯೆಲ್ಲ ಗೊಂತಿನ ಪಕ್ಕದಲ್ಲೇ ಗೋಣಿಚೀಲ ಹಾಸಿಕೊಂಡು ಕೂತರು. ನನಗೆ ಜ್ವರ ಬಂದಾಗ ಅವರು ಹಾಗೆ ಕೂತದ್ದು ನೆನಪಿಲ್ಲ. ಕೇಳಿದ್ದಕ್ಕೆ, “ನಿನಗೆ ಬಾಯಿ ಐತಲ್ಲ, ನೀರು ಬೇಕಾದ್ರೆ ಕೂಗ್ತೀಯ” ಅಂದರು. ಪುಣ್ಯದ ಬದುಕು ಅಂದಿರಲ್ಲ, ಅದು ಹೀಗಿರುತ್ತದೆ.

ಮೂರನೆಯದು ಹೆಸರಿಡುವುದು. ನೀವು ಹನ್ನೆರಡು ಕೋಳಿಗೂ ಹೆಸರಿಟ್ಟಿದ್ದೀರಿ ಎಂದು ತಿಳಿಯಿತು. ನಮ್ಮ ಮನೆಯಲ್ಲಿ ಅತ್ತೆಯದೊಂದು ಕಟ್ಟಳೆ ಇದೆ: ಮಾರುವುದಕ್ಕೆ ಹೆಸರಿಡಬಾರದು. ಎತ್ತಿಗೆ, ಎಮ್ಮೆಗೆ, ಹಸುವಿಗೆ, ನಾಯಿಗೆ ಹೆಸರುಂಟು. ಕುರಿಗೆ, ಮೇಕೆಗೆ, ಕೋಳಿಗೆ ಇಲ್ಲ. ಅವುಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಶಿರಾದ ಕುರಿ ಸಂತೆಗೆ ಹೊಡೆದುಕೊಂಡು ಹೋಗುವಾಗ ಕಾಲು ತಡೆಯಬಾರದೆಂದು. ನಮ್ಮ ಮಗ ಚಿಕ್ಕವನಿದ್ದಾಗ ತಾಯಿ ಸತ್ತ ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲೂಡಿಸಿ, ಕದ್ದುಮುಚ್ಚಿ ‘ರಾಜಾಹುಲಿ’ ಎಂದು ಹೆಸರಿಟ್ಟ. ಅದು ಟಗರಾಗಿ ಬೆಳೆಯಿತು, ಹೆಸರಿಟ್ಟದ್ದರಿಂದ ಮಾರುವಂತಿಲ್ಲ. ಸ್ಕೂಲಿಗೂ ಹಿಂದೆಯೇ ಹೋಗುತ್ತಿತ್ತು. ಮೇಷ್ಟರು ಹಾಜರಿ ಕೂಗಿದಾಗ ಹೊರಗಿನಿಂದ ಅದೂ ಉತ್ತರ ಕೊಡುತ್ತಿತ್ತು. ಕೊನೆಗೆ ಮಗಳ ಪಿಯು ಫೀಸಿನ ವರ್ಷ, ಮಳೆಯೂ ಇಲ್ಲದ ವರ್ಷ, ರಾಜಾಹುಲಿಯೇ ಸಂತೆಗೆ ಹೋಯಿತು. ಮಗ ಎರಡು ಹೊತ್ತು ಅನ್ನ ಮುಟ್ಟಲಿಲ್ಲ. ಮಗಳು ಚಿತ್ರದುರ್ಗದ ಕಾಲೇಜು ಸೇರಿದಳು. ಈಗ ಬೆಂಗಳೂರಿನ ಕಂಪನಿಯಲ್ಲಿರುವ ಆ ಮಗ ತಂಗಿಗೆ ಕೋಪ ಬಂದಾಗಲೆಲ್ಲ, “ನನ್ನ ಟಗರಿನ ಮೇಲೆ ಓದಿದವಳು ನೀನು” ಅನ್ನುತ್ತಾನೆ. ಅವಳು ಆ ಮಾತೊಂದಕ್ಕೆ ಎದುರಾಡುವುದಿಲ್ಲ. ನಿಮ್ಮ ಹನ್ನೆರಡು ಕೋಳಿಗೂ ದೀರ್ಘಾಯುಷ್ಯ ಕೋರುತ್ತೇನೆ. ಹೆದ್ದಾರಿಯ ಹೋಟೆಲಿನಿಂದ ನೀವು ಕಟ್ಟಿಸಿಕೊಂಡು ಬರುವ ನಾಟಿಕೋಳಿ ಸಾರಿನ ಕೋಳಿಗೆ ಹೆಸರಿರಲಿಲ್ಲ ಎಂದು ನಂಬಿದ್ದೇನೆ.

ನಾಲ್ಕನೆಯದು ಮೇವು. ನಮ್ಮದು ಮಳೆ ಕಮ್ಮಿಯ ಸೀಮೆ. ಹೊಳಲ್ಕೆರೆಯ ಪಡುವಲ ಕಡೆಗೆ ಮಲೆನಾಡಿನ ಗಾಳಿ ಸ್ವಲ್ಪ ಸೋಕುತ್ತದೆ, ಹಿರಿಯೂರಿನ ಕಡೆ ಇಳಿದಂತೆ ಅದೂ ಇಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದರು. ಕೆರೆ ಕೋಡಿ ಬಿದ್ದು ಒಂದು ವರ್ಷ ಕಳೆದಿತ್ತಷ್ಟೆ. ಅಣೆಕಟ್ಟೆಯಲ್ಲಿ ನೀರಿತ್ತು, ಹೊಲದಲ್ಲಿ ಹುಲ್ಲಿರಲಿಲ್ಲ. ಹಸುವಿಗೆ ವ್ಯೂ ತೋರಿಸಿ ಸಮಾಧಾನ ಮಾಡಲು ಬರುವುದಿಲ್ಲ. ರಾಗಿಹುಲ್ಲು, ಶೇಂಗಾಬಳ್ಳಿ, ಮೆಕ್ಕೆಜೋಳದ ದಂಟು ಇವನ್ನು ಬಣವೆ ಒಟ್ಟಿ, ಮಳೆನೀರು ಇಳಿಯದಂತೆ ನೆತ್ತಿ ಕಟ್ಟಿ ಇಟ್ಟುಕೊಂಡವರು ಆ ವರ್ಷ ದಾಟಿದರು. ಇಲ್ಲದವರು ದನವನ್ನು ಬಂದಷ್ಟಕ್ಕೆ ಕೊಟ್ಟರು. ಭದ್ರಾ ಮೇಲ್ದಂಡೆಯ ನೀರು ಬರುತ್ತದೆ ಎಂದು ನಾನು ಮದುವೆಯಾಗಿ ಬಂದ ಹೊಸದರಿಂದ ಕೇಳುತ್ತಿದ್ದೇನೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ಎಂದು ಓದಿದರು. ಟೀವಿಯಲ್ಲಿ ಓದಿದ್ದನ್ನು ಕೊಟ್ಟಿಗೆಯಲ್ಲಿದ್ದವು ಕೇಳಿಸಿಕೊಂಡವು, ಬಾಲ ಆಡಿಸಿದವು.

ಮೇವಿನ ಲೆಕ್ಕದಲ್ಲಿ ಮುದಿ ಎತ್ತುಗಳ ಮಾತೂ ಬರುತ್ತದೆ. ನಮ್ಮ ಬಿಳಿಯ ಮತ್ತು ಕೆಂಚ ನೊಗ ಕೆಳಗಿಟ್ಟು ಬಹಳ ದಿನವಾಯಿತು. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಕೆಂಚನಿಗೆ ಹಲ್ಲು ಸವೆದು ದಂಟು ಅಗಿಯಲು ಆಗದು, ಕತ್ತರಿಸಿ ನೆನೆಸಿ ಇಡಬೇಕು. ಇವರಿಬ್ಬರ ಮೇವಿನ ದುಡ್ಡಿನಲ್ಲಿ ಮಗಳಿಗೊಂದು ಸ್ಕೂಟಿ ಬರುತ್ತಿತ್ತು. ನಾವು ಮಾರಲಿಲ್ಲ, ಮಾರುತ್ತಲೂ ಇರಲಿಲ್ಲ, ಆ ಮಾತು ಬೇರೆ. ಆದರೆ ಪ್ರತಿ ಮನೆಯ ಕೈಯೂ ಒಂದೇ ಆಗಿರುವುದಿಲ್ಲ. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾಯ್ದೆ ಎತ್ತು ಹೋರಿಗಳನ್ನೂ ಸೇರಿಸಿಕೊಂಡು ಎಲ್ಲವನ್ನೂ ಸಂರಕ್ಷಿಸಿ ಅಂದಿತು. ಹುಲ್ಲು ಎಲ್ಲಿಂದ ಎಂಬ ಕಲಂ ಅದರಲ್ಲಿ ಇಲ್ಲ. ನಗರದಲ್ಲಿ ಗೋಪ್ರೇಮದ ಸಭೆಗೆ ಹೋದಾಗ ನೀವಾದರೂ ಈ ಕಲಮಿನ ವಿಷಯ ಎತ್ತಿ.

ಇವೆಲ್ಲ ಕಲಿಯಬಹುದಾದ ವಿದ್ಯೆಗಳು. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಹೋಗಿ ಕೇಳಿದರೆ ನನಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ. ಕೊನೆಯದೊಂದು ಪಾಠ ಮಾತ್ರ ಅಲ್ಲಿ ಸಿಗುವುದಿಲ್ಲ. ಮನೆಯಲ್ಲಿ ಒಬ್ಬರು ಉಳಿಯಬೇಕು.

ನಮ್ಮ ಪಡಸಾಲೆಗೆ ಬಂದು ಗೋಡೆಯ ಮೇಲಿನ ಫೋಟೋಗಳನ್ನು ನೋಡಿ. ನಾದಿನಿಯ ಮದುವೆಯ ಫೋಟೋದಲ್ಲಿ ನಮ್ಮ ಯಜಮಾನರಿಲ್ಲ, ಧಾರೆ ಮುಗಿಸಿ ಕೊನೆಯ ಬಸ್ಸಿಗೆ ಓಡಿದರು, ಎಮ್ಮೆ ಈಯುವುದರಲ್ಲಿತ್ತು. ಹೊಳಲ್ಕೆರೆ ಸೀಮೆಯ ನನ್ನ ತವರಿನ ಗೃಹಪ್ರವೇಶದ ಫೋಟೋದಲ್ಲಿ ಅತ್ತೆಯಿಲ್ಲ. ಮಗಳ ಕಾಲೇಜಿನ ಬಹುಮಾನದ ದಿನ ನಾನಿಲ್ಲ. ಧರ್ಮಸ್ಥಳಕ್ಕೆ ಹೋದಾಗ ಮಗನಿಲ್ಲ. ಎಲ್ಲರೂ ಇರುವ ಫೋಟೋ ಈ ಮನೆಯಲ್ಲಿ ಒಂದೇ ಒಂದು, ಅದನ್ನು ತೆಗೆದದ್ದು ಕೊಟ್ಟಿಗೆಯ ಮುಂದೆ. ಅಡಿಕೆ ತೋಟದ ನನ್ನ ಅಣ್ಣ ಬಂದಾಗಲೆಲ್ಲ ಹಂಗಿಸುತ್ತಾನೆ: “ಮರ ಹಾಕ್ರವ್ವ. ನೀರು ಬಿಟ್ಟು ಮದುವೆಗೆ ಹೋಗಿ ಬಂದ್ರೂ ಮುನಿಸ್ಕಳಲ್ಲ.” ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಭೀಮಸಮುದ್ರದ ಅಡಿಕೆ ಮಂಡಿಯ ರೇಟಿಗೆ ನಮ್ಮ ಹಾಲಿನ ರೇಟನ್ನು ಹಚ್ಚಿ ನೋಡಿದರೆ ಯಾವ ಲೆಕ್ಕದಲ್ಲೂ ನಾವು ಜಾಣರಲ್ಲ.

ಹಾಗಂತ ಒಬ್ಬರು ಉಳಿಯಬೇಕೆಂಬುದು ನಮ್ಮ ಮನೆಯೊಂದರ ಕಟ್ಟಳೆಯಲ್ಲ, ಈ ನಾಡಿನದು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರಲ್ಲಿ ದೇವರ ಎತ್ತುಗಳಿವೆ. ಅವನ್ನು ಹೂಡುವುದಿಲ್ಲ, ಗಾಡಿಗೆ ಕಟ್ಟುವುದಿಲ್ಲ. ದೇವರೇ ಒಡೆಯನಾದರೂ ಅವುಗಳ ಹಿಂದೆ ಕಿಲಾರಿ ಎಂಬ ಮನುಷ್ಯ ಇದ್ದೇ ಇರಬೇಕು. ಮಳೆಗೆ, ಚಳಿಗೆ, ಬರಕ್ಕೆ ಅವನು ಎತ್ತಿನ ಜೊತೆಯವನು. ಕಾಡುಗೊಲ್ಲರ ಹಟ್ಟಿಗಳಲ್ಲಿ ಪೂಜೆಗೊಳ್ಳುವ ಜುಂಜಪ್ಪನೂ ದನದ ಹಿಂದೆ ಗಣೆ ಊದುತ್ತ ತಿರುಗಿದವನೇ. ದನದ ಜೊತೆ ಉಳಿದವನು ಇಲ್ಲಿ ದೇವರಾಗಿದ್ದಾನೆ. ಭಾನುವಾರಕ್ಕೊಮ್ಮೆ ಬಂದು ಹೋದವರು ಯಾರೂ ಆದದ್ದು ನಾವು ಕೇಳಿಲ್ಲ.

ಇನ್ನು ಹೋದ ದೀಪಾವಳಿಯ ವಿಷಯ. ನಿಮ್ಮ ಕಾವಲಿನ ಹುಡುಗ ಹಬ್ಬಕ್ಕೆ ಊರಿಗೆ ಹೋದ. ಹೋಗಬೇಕಾದ್ದೇ, ಅವನಿಗೂ ಹೆತ್ತವರಿದ್ದಾರೆ. ಅವರ ನಾಡಿನಲ್ಲಿ ಅದಕ್ಕೆ ತಿಹಾರ್ ಅನ್ನುತ್ತಾರಂತೆ. ಒಂದು ದಿನ ನಾಯಿಗೆ ಹಾರ ಹಾಕಿ ತಿಲಕವಿಟ್ಟು ಪೂಜೆ, ಇನ್ನೊಂದು ದಿನ ಹಸುವಿಗೆ. ಅವನು ಅಲ್ಲಿ ನಾಯಿಗೆ ಹಾರ ಹಾಕುವ ಹೊತ್ತಿಗೆ ಇಲ್ಲಿ ನಿಮ್ಮ ಹಸ್ಕಿ ಗೇಟಿನ ಹತ್ತಿರ ಊಳಿಡುತ್ತಿತ್ತು. ಬದಲಿ ಆಳು ಬರುತ್ತಾನೆಂದು ಹೇಳಿ ಹೋಗಿದ್ದನಂತೆ, ಆಳು ಬರಲಿಲ್ಲ. ‘ತಾ ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು’ ಎಂದು ಹಿರಿಯರು ಸುಮ್ಮನೆ ಆಳಿನ ಮೇಲೆ ಗೂಬೆ ಕೂರಿಸಿದರು. ಬಾರದ ಆಳು ಏನನ್ನು ಹಾಳು ಮಾಡಿಯಾನು? ಬಲಿಪಾಡ್ಯಮಿಯ ಬೆಳಿಗ್ಗೆ ನಾವು ನಮ್ಮವಕ್ಕೆ ಮೈ ತೊಳೆದು ಚೆಂಡುಹೂವು ಕಟ್ಟುತ್ತಿದ್ದೆವು, ಬೇಲಿಯಾಚೆಯಿಂದ ನಿಮ್ಮ ಗಿರ್ ಹಸುಗಳು ಒಂದೇ ಸಮನೆ ಅಂಬಾ ಎನ್ನುತ್ತಿದ್ದವು. ಯಜಮಾನರೂ ಹಬ್ಬಕ್ಕೆ ಬಂದಿದ್ದ ಮಗನೂ ಬೇಲಿ ಹಾರಿ ಹೋದರು. ತೊಟ್ಟಿಯ ತಳದಲ್ಲಿ ಹಸಿರು ಪಾಚಿ ಒಣಗಿ ಎದ್ದಿತ್ತು. ನಿಮ್ಮ ಶ್ರೀಗಂಧದ ಗಿಡಗಳಿಗೆ ಮಾತ್ರ ಡ್ರಿಪ್ ನಡೆಯುತ್ತಿತ್ತು, ಅದು ಬೆಂಗಳೂರಿನಿಂದಲೇ ಫೋನಿನಲ್ಲಿ ಒತ್ತಿದರೆ ಬಿಟ್ಟುಕೊಳ್ಳುತ್ತದಂತೆ. ಒಂದು ಹಸು ಕಣ್ಣಿ ಜಗ್ಗುವಷ್ಟು ಕತ್ತು ಚಾಚಿ, ಕೊಳವೆಯ ಸಂದಿನಲ್ಲಿ ತೊಟ್ಟಿಕ್ಕುವ ನೀರನ್ನು ನಾಲಗೆಯಲ್ಲಿ ಸವರುತ್ತಿತ್ತು. ಇಬ್ಬರೂ ನಮ್ಮ ಬೋರಿನಿಂದ ನೀರು ಹೊತ್ತರು. ನಮ್ಮ ಬಣವೆಯಿಂದ ರಾಗಿಹುಲ್ಲು ಹೋಯಿತು. ಅತ್ತೆ ಬಿಡಲಿಲ್ಲ, ಆರತಿ ತಟ್ಟೆಯೂ ಬೇಲಿ ದಾಟಿತು. “ಹಬ್ಬದ ದಿನ ಹೊಟ್ಟೆಗಿಲ್ದೆ ಕೂಗ್ತಾ ಇದ್ರೆ ನಾನು ಹೆಂಗವ್ವ ಹೋಳಿಗೆ ತಿನ್ಲಿ?” ಅಂದರು. ಹುಡುಗ ವಾಪಸು ಬರುವವರೆಗೆ ಹೀಗೇ ನಡೆಯಿತು. ಅದೇ ವಾರ ಮೇಡಂ ಅವರು ಹಾಕಿದ್ದ ಫೋಟೋವನ್ನು ಮಗ ಫೋನಿನಲ್ಲಿ ತೋರಿಸಿದ. ಹಿಂದೆಂದೋ ಹಸುವಿನ ಕತ್ತು ತಬ್ಬಿ ತೆಗೆಸಿಕೊಂಡದ್ದು. ‘ನನ್ನ ಮಕ್ಕಳಿಗೆ ಗೋಪೂಜೆಯ ಶುಭಾಶಯ’ ಎಂದು ಬರೆದಿದ್ದಿರಿ. ನಿಮ್ಮ ಮಕ್ಕಳ ಪರವಾಗಿ ಶುಭಾಶಯವನ್ನು ನಾವು ಸ್ವೀಕರಿಸಿದ್ದೇವೆ.

ಹುಲ್ಲಿನ ದುಡ್ಡು ಕೇಳಲು ಈ ಪತ್ರವಲ್ಲ. ನೀರಿಗೂ ಹುಲ್ಲಿಗೂ ಲೆಕ್ಕ ಬರೆದರೆ ಈ ಊರಿನಲ್ಲಿ ಯಾರೂ ಯಾರಿಗೂ ಮುಖ ತೋರಿಸುವಂತಿರುವುದಿಲ್ಲ. ಕೇಳುವುದು ಮೂರು ಮಾತು.

ಒಂದು, ಇನ್ನು ಮುಂದೆ ಹೊಸ ಪ್ರಾಣಿ ತರುವ ಮುಂಚೆ ನಿಮ್ಮ ಮನೆಯಲ್ಲಿ ಯಾರು ಉಳಿಯುತ್ತಾರೆ ಎಂದು ನೀವಿಬ್ಬರೂ ಕೂತು ತೀರ್ಮಾನ ಮಾಡಿ. ಸಾರ್ ಉಳಿಯುತ್ತಾರೋ, ಮೇಡಂ ಉಳಿಯುತ್ತಾರೋ, ಸಂಬಳ ಮತ್ತು ರಜೆ ಎರಡನ್ನೂ ಸರಿಯಾಗಿ ಕೊಟ್ಟು ಇಬ್ಬರು ಆಳುಗಳನ್ನು ಇಡುತ್ತೀರೋ, ನಿಮಗೆ ಬಿಟ್ಟದ್ದು. ಯಾರೂ ಇಲ್ಲವೆಂದಾದರೆ ಮಾವು, ಹುಣಸೆ, ಬೇವು ಹಾಕಿ. ನನ್ನ ಅಣ್ಣ ಹೇಳಿದ ಹಾಗೆ ಅವು ಮುನಿಸಿಕೊಳ್ಳುವುದಿಲ್ಲ. ಹಸ್ಕಿಯನ್ನು ದಯವಿಟ್ಟು ತಂಪಿರುವ ಕಡೆ ಯಾರಿಗಾದರೂ ಕೊಡಿ.

ಎರಡು, ಒಂದು ಫೋನ್ ನಂಬರನ್ನು ಗೇಟಿನ ಮೇಲೆ ಬರೆಸಿ. ನಿಮ್ಮ ತೋಟದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಸಿರುವ ಹಲಗೆ ಬಹಳ ದೊಡ್ಡದಿದೆ, ಮೂಲೆಯಲ್ಲಿ ಹತ್ತು ಅಂಕಿಗೆ ಜಾಗ ಸಿಗುತ್ತದೆ. ಹಸು ಈಯುವಾಗ ಕಾಲು ಅಡ್ಡ ಬಂದರೆ ಯಾರನ್ನು ಕೂಗಬೇಕು ಎಂದು ನಮಗೆ ಗೊತ್ತಿರಬೇಕು. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತದೆ, ಆದರೆ ಒಡೆಯರು ಯಾರು ಎಂದು ಅವರು ಕೇಳುತ್ತಾರೆ.

ಮೂರನೆಯದು ದಾರಿ. ನಿಮ್ಮ ಜಮೀನಿನ ಮೂಡಲ ಬದುವಿನ ಪಕ್ಕದಲ್ಲಿ ಕೆರೆಗೆ ಇಳಿಯುವ ಬಂಡಿದಾರಿ ಗ್ರಾಮ ನಕಾಶೆಯಲ್ಲಿದೆ. ಕ್ರಯಪತ್ರ ಮಾಡಿಕೊಟ್ಟವರು ಹೇಳಿರಲಿಕ್ಕಿಲ್ಲ, ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ತೋರಿಸುತ್ತಾರೆ. ನಿಮ್ಮ ತಂತಿಬೇಲಿ ಅದರ ಮೇಲೆ ಹಾದುಹೋಗಿದೆ. ನಮ್ಮ ದನ, ಊರಿನ ಕುರಿಮಂದೆ, ಹೊಲದಲ್ಲಿ ಮಂದೆ ತರುಬಲು ಬರುವ ಕುರಿಗಾಹಿಗಳು, ಎಲ್ಲರೂ ಈಗ ಹೆದ್ದಾರಿಗೆ ಸೇರುವ ಟಾರು ರಸ್ತೆಯಲ್ಲಿ ಸುತ್ತಿ ನೀರಿಗೆ ಹೋಗಬೇಕು. ಲಾರಿಗಳಿಗೆ ಸಿಕ್ಕಿ ಆಗಲೇ ಎರಡು ಮರಿ ಸತ್ತಿವೆ. ನೀವು ನಿಜವಾಗಿ ಪ್ರಾಣಿಪ್ರಿಯರೆಂದು ನಾನು ನಂಬಿದ್ದೇನೆ, ಇದರಲ್ಲಿ ವ್ಯಂಗ್ಯವಿಲ್ಲ. ಬರುವ ಭಾನುವಾರ ಬಂದಾಗ ಮೂಡಲ ಬೇಲಿಯಲ್ಲಿ ಒಂದು ಬಂಡಿ ಹಿಡಿಸುವಷ್ಟು ತಂತಿ ಬಿಚ್ಚಿಸಿಕೊಡಿ. ಕಟ್ಟಿಂಗ್ ಪ್ಲೇಯರ್ ನಮ್ಮ ಮನೆಯಲ್ಲಿದೆ, ಮಗ ಇಲ್ಲದಿದ್ದರೂ ಯಜಮಾನರು ಇರುತ್ತಾರೆ. ಯಾರಾದರೊಬ್ಬರು ಇದ್ದೇ ಇರುತ್ತೇವೆ.

ಇಂತಿ,
ನಿಮ್ಮ ಬೇಲಿಯಾಚೆಯ ನೆರೆಯವಳು
ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ